ನಂಬಿಕೆ ಹೋದರೂ ಪದ್ಧತಿ ಉಳಿಯುವುದೇಕೆ? ಖತ್ನಾ ವಿವಾದದ ಒಳಹೊರಗು

ಹೆಣ್ಣುಮಕ್ಕಳ ಖತ್ನಾ, ಅಂದರೆ ಜನನಾಂಗದ ಭಾಗ ಕತ್ತರಿಸುವ ಪದ್ಧತಿ, ನಿಷೇಧಿಸಬೇಕು ಎಂಬ ಹೊಸ ಅರ್ಜಿಯೊಂದರ ಮೇಲೆ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ನೋಟಿಸ್ ಕೊಟ್ಟಿತು. ಸುದ್ದಿ ಓದಿದವರಿಗೆ ಉತ್ತರಕ್ಕಿಂತ ಪ್ರಶ್ನೆಗಳೇ ಜಾಸ್ತಿಯಾದವು. ಇದು ಆಫ್ರಿಕಾದ ಪದ್ಧತಿ ಅಲ್ವಾ? ಭಾರತದಲ್ಲೂ ಇದೆಯಾ? ಇದ್ದರೆ ಇಷ್ಟು ವರ್ಷ ಯಾಕೆ ನಿಲ್ಲಿಸಿಲ್ಲ? ಶಬರಿಮಲೆ ಪ್ರಕರಣದ ಜೊತೆ ಇದರ ಹೆಸರು ಯಾಕೆ ಬರುತ್ತಿದೆ?

ಕಾರವಾರ, ಕುಮಟಾ, ಶಿರಸಿ ಕಡೆ ಕೂತು ಓದುವಾಗ ಇದು ದೂರದ ಮಾತು ಅನ್ನಿಸುವುದು ಸಹಜ. ಪದ್ಧತಿ ದೂರದ್ದೇ. ಆದರೆ ಹೆಣ್ಣಿನ ದೇಹದ ಮೇಲಿನ ಒಂದು ಕಟ್ಟಳೆ ತಲೆಮಾರುಗಟ್ಟಲೆ ಹೇಗೆ ಉಳಿಯುತ್ತದೆ, ಯಾರು ಉಳಿಸುತ್ತಾರೆ, ಯಾವಾಗ ಅಳಿಯುತ್ತದೆ ಎಂಬುದನ್ನು ನಮ್ಮ ಜಿಲ್ಲೆ ತನ್ನ ಮನೆಗಳ ಒಳಗೇ ನೋಡಿದೆ. ಆ ತಿಳಿವಳಿಕೆ ಇಟ್ಟುಕೊಂಡು ನೋಡಿದರೆ ಈ ಪ್ರಕರಣ ಬೇಗ ಅರ್ಥವಾಗುತ್ತದೆ.

ಏನಿದು, ಎಲ್ಲಿದೆ

ವೈದ್ಯಕೀಯ ಕಾರಣವೇ ಇಲ್ಲದೆ ಹೆಣ್ಣುಮಗುವಿನ ಜನನಾಂಗದ ಭಾಗವನ್ನು ಕತ್ತರಿಸುವುದು ಅಥವಾ ಅಲ್ಲಿ ಗಾಯ ಮಾಡುವುದು ಈ ಪದ್ಧತಿ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 4 ಬಗೆಗಳಾಗಿ ವಿಂಗಡಿಸಿದೆ. ಮೂರನೆಯ ಬಗೆಯಲ್ಲಿ ಯೋನಿದ್ವಾರವನ್ನೇ ಕಿರಿದಾಗಿಸಿ ಮುಚ್ಚುತ್ತಾರೆ. ನೋವು, ರಕ್ತಸ್ರಾವ, ಸೋಂಕು, ಮೂತ್ರದ ತೊಂದರೆ, ಹೆರಿಗೆಯಲ್ಲಿ ಅಪಾಯ, ಮನಸ್ಸಿನಲ್ಲಿ ಉಳಿಯುವ ಭಯ, ಇವು ಅದರ ಪರಿಣಾಮಗಳು. ಆರೋಗ್ಯಕ್ಕೆ ಇದರಿಂದ ಯಾವ ಲಾಭವೂ ಇಲ್ಲ.

ಯುನಿಸೆಫ್ 2024ರಲ್ಲಿ ಕೊಟ್ಟ ಲೆಕ್ಕದಂತೆ ಇವತ್ತು ಬದುಕಿರುವ ಹೆಣ್ಣುಮಕ್ಕಳಲ್ಲಿ 23 ಕೋಟಿಗೂ ಹೆಚ್ಚು ಜನ ಇದಕ್ಕೆ ಒಳಗಾದವರು. ಆಫ್ರಿಕಾದಲ್ಲಿ ಸುಮಾರು 14.4 ಕೋಟಿ, ಏಷ್ಯಾದಲ್ಲಿ ಸುಮಾರು 8 ಕೋಟಿ. ಹಾಗಾಗಿ ಇದು ಆಫ್ರಿಕಾದ್ದು ಮಾತ್ರ ಅನ್ನುವಂತಿಲ್ಲ.

ಭಾರತದಲ್ಲಿ ಮುಖ್ಯವಾಗಿ ಚರ್ಚೆಯಲ್ಲಿರುವುದು ದಾವೂದಿ ಬೋಹ್ರಾ ಸಮುದಾಯ. ಗುಜರಾತ್, ಮಹಾರಾಷ್ಟ್ರ, ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿ ಹೆಚ್ಚಾಗಿರುವ ಶಿಯಾ ಪಂಗಡ ಇದು. ಹುಡುಗಿಗೆ ಸುಮಾರು 7 ವರ್ಷವಾದಾಗ ತಾಯಿಯೋ ಅಜ್ಜಿಯೋ ಅವಳನ್ನು ಒಬ್ಬ ಹಿರಿಯ ಹೆಂಗಸಿನ ಬಳಿ, ಈಚೆಗೆ ಕೆಲವು ಕಡೆ ಕ್ಲಿನಿಕ್‌ಗೆ, ಕರೆದುಕೊಂಡು ಹೋಗುತ್ತಾರೆ. ಎಲ್ಲಿಗೆ, ಯಾಕೆ ಎಂದು ಮಗುವಿಗೆ ಹೇಳುವುದಿಲ್ಲ. ಆಮೇಲೆ ಯಾರ ಹತ್ತಿರವೂ ಮಾತಾಡಬೇಡ ಅನ್ನುತ್ತಾರೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬದಿಗಿಡಬೇಕು. ಸುದ್ದಿ ಓದಿ ಊರಿನ ಮುಸ್ಲಿಂ ಮನೆಗಳತ್ತ ಬೆರಳು ತೋರಿಸುವುದು ಅನ್ಯಾಯ. ಭಾರತದ ಬಹುಪಾಲು ಮುಸ್ಲಿಮರಲ್ಲಿ ಈ ಪದ್ಧತಿ ಇಲ್ಲ. ಕುರಾನ್‌ನಲ್ಲಿ ಇದರ ಉಲ್ಲೇಖವಿಲ್ಲ. ಇಸ್ಲಾಂಗಿಂತ ಹಿಂದಿನಿಂದಲೂ ಇದು ಇತ್ತು. ಈಜಿಪ್ಟ್ ಮತ್ತು ಇಥಿಯೋಪಿಯಾದ ಕ್ರೈಸ್ತರಲ್ಲೂ ಇದು ಇದೆ. ಒಂದು ಧರ್ಮದ ಕ್ರೌರ್ಯ ಎಂದು ಓದಿದರೆ ಇದರ ಬೇರು ಯಾವತ್ತೂ ಕಾಣುವುದಿಲ್ಲ.

ಕೋರ್ಟ್‌ನಲ್ಲಿ ಏನೇನಾಯಿತು

ದೆಹಲಿಯ ವಕೀಲೆ ಸುನೀತಾ ತಿವಾರಿ 2017ರಲ್ಲಿ ಮೊದಲು ಅರ್ಜಿ ಹಾಕಿದರು. ಅದಕ್ಕೂ ಮುಂಚೆ, 2015ರ ಸುಮಾರಿಗೆ, ಮಾಸೂಮಾ ರಾನಾಲ್ವಿ ಮತ್ತಿತರ ಬೋಹ್ರಾ ಹೆಂಗಸರೇ ಬಹಿರಂಗವಾಗಿ ಮಾತಾಡಲು ಶುರುಮಾಡಿದ್ದರು. ಪ್ರಶ್ನೆ ಎದ್ದದ್ದು ಸಮುದಾಯದ ಒಳಗಿಂದಲೇ ಎಂಬುದು ಇಲ್ಲಿ ಬಹಳ ಮುಖ್ಯ.

2017ರ ಕೊನೆಯಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಕೋರ್ಟ್‌ಗೆ ಒಂದು ಉತ್ತರ ಕೊಟ್ಟಿತು. ಈ ಪದ್ಧತಿ ಭಾರತದಲ್ಲಿದೆ ಎನ್ನಲು ಅಧಿಕೃತ ಅಂಕಿಅಂಶವೇ ಇಲ್ಲ ಎಂದಿತು. ಆದರೆ 2018ರಲ್ಲಿ ಆಗಿನ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಅರ್ಜಿಯನ್ನು ಬೆಂಬಲಿಸಿದರು. ದಂಡಸಂಹಿತೆ ಮತ್ತು ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾನೂನು) ಅಡಿ ಇದು ಈಗಾಗಲೇ ಅಪರಾಧ ಎಂದರು. ಒಂದೇ ಸರ್ಕಾರದ ಎರಡು ಮಾತು. ಗೊಂದಲದ ಒಂದು ಮೂಲ ಇಲ್ಲಿದೆ.

2018ರ ಸೆಪ್ಟೆಂಬರ್‌ನಲ್ಲಿ ಪ್ರಕರಣ ಸಂವಿಧಾನ ಪೀಠಕ್ಕೆ ಹೋಯಿತು. 2019ರ ನವೆಂಬರ್‌ನಲ್ಲಿ ಶಬರಿಮಲೆ ಮರುಪರಿಶೀಲನೆ ನಡೆಸಿದ ಪೀಠ, ಧರ್ಮಾಚರಣೆಯಲ್ಲಿ ಕೋರ್ಟ್ ಎಲ್ಲಿಯವರೆಗೆ ಕೈಹಾಕಬಹುದು ಎಂಬ ದೊಡ್ಡ ಪ್ರಶ್ನೆಯನ್ನು ಇನ್ನೂ ದೊಡ್ಡ ಪೀಠಕ್ಕೆ ಕಳಿಸುವಾಗ ಖತ್ನಾ ಪ್ರಕರಣವನ್ನೂ ಹೆಸರಿಸಿತು. ಹೀಗೆ ಎರಡಕ್ಕೂ ನಂಟು ಬೆಳೆಯಿತು.

ಆ ದೊಡ್ಡ ಪ್ರಶ್ನೆಯ ಮೂಲ ನಮ್ಮ ಕರಾವಳಿಯಲ್ಲೇ ಇದೆ. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ 1954ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು. ಒಂದು ಧರ್ಮಕ್ಕೆ ಅತ್ಯಗತ್ಯವಾದದ್ದು ಏನು ಎಂಬುದನ್ನು ಆ ಧರ್ಮದ ಬೋಧನೆಗಳಿಂದಲೇ ತಿಳಿಯಬೇಕು ಎಂದು. ಅಲ್ಲಿಂದ ಪ್ರತಿ ವಿವಾದದಲ್ಲೂ "ಇದು ಅತ್ಯಗತ್ಯವೇ?" ಎಂಬ ಪ್ರಶ್ನೆ ಬರುತ್ತದೆ. ಖತ್ನಾ ಪ್ರಕರಣವೂ ಅದೇ ಪ್ರಶ್ನೆಯ ಮೇಲೆ ನಿಂತಿದೆ.

ಎರಡೂ ಕಡೆಯ ವಾದ

ಪದ್ಧತಿ ಬೇಕು ಎನ್ನುವವರಲ್ಲಿ ಹೆಂಗಸರೂ ಇದ್ದಾರೆ. ಅವರದೇ ಸಂಘಟನೆ ಕೋರ್ಟ್‌ಗೆ ಬಂದಿದೆ. ನಾವು ಮಾಡುವುದು ಖಫ್ಜ್, ಚರ್ಮದ ತುದಿಗೆ ಮಾಡುವ ಚಿಕ್ಕ ಗೀರು ಮಾತ್ರ, ಆಫ್ರಿಕಾದ್ದಕ್ಕೆ ಹೋಲಿಸುವುದು ಸರಿಯಲ್ಲ ಎನ್ನುತ್ತಾರೆ. ಶತಮಾನಗಳಿಂದ ಬಂದ ಧರ್ಮಾಚರಣೆ, ಧರ್ಮ ಪಾಲಿಸುವ ಸ್ವಾತಂತ್ರ್ಯ ಕೊಡುವ ಸಂವಿಧಾನದ 25ನೇ ವಿಧಿಯ ರಕ್ಷಣೆ ಇದಕ್ಕಿದೆ ಎನ್ನುತ್ತಾರೆ. ಗಂಡುಮಕ್ಕಳ ಸುನ್ನತಿಗೆ ಇಲ್ಲದ ಆಕ್ಷೇಪ ಇದಕ್ಕೆ ಮಾತ್ರ ಯಾಕೆ ಎಂದೂ ಕೇಳುತ್ತಾರೆ.

ಈ ಕೊನೆಯ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಗಂಡುಮಕ್ಕಳ ಸುನ್ನತಿಯಿಂದ ಕೆಲವು ಸೋಂಕುಗಳ ಅಪಾಯ ಕಡಿಮೆಯಾಗುತ್ತದೆ ಎನ್ನಲು ವೈದ್ಯಕೀಯ ಪುರಾವೆ ಇದೆ, ಹೆಣ್ಣುಮಕ್ಕಳದ್ದಕ್ಕೆ ಅಂಥದ್ದೇನೂ ಇಲ್ಲ. ಆದರೂ ಮಗುವಿನ ಒಪ್ಪಿಗೆಯ ಪ್ರಶ್ನೆ ಎರಡರಲ್ಲೂ ಇದ್ದೇ ಇದೆ.

ವಿರೋಧಿಸುವವರ ಮಾತು ನೇರವಾಗಿದೆ. 7 ವರ್ಷದ ಮಗುವಿಗೆ ಒಪ್ಪುವ, ನಿರಾಕರಿಸುವ ಶಕ್ತಿ ಇಲ್ಲ. ಅಷ್ಟು ಚಿಕ್ಕ ದೇಹದಲ್ಲಿ, ತರಬೇತಿ ಇಲ್ಲದ ಕೈಯಲ್ಲಿ, ಗೀರು ಎಲ್ಲಿ ನಿಲ್ಲುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ಎಷ್ಟೇ ಚಿಕ್ಕದಾದರೂ ಬೇಡದ ಗಾಯ ಗಾಯವೇ. ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿನ ಅತ್ಯುನ್ನತ ಕೋರ್ಟ್) 2019ರಲ್ಲಿ ಬೋಹ್ರಾ ಕುಟುಂಬವೊಂದರ ಪ್ರಕರಣದಲ್ಲಿ ಹೆಚ್ಚು ಕಡಿಮೆ ಇದನ್ನೇ ಹೇಳಿತು. ನನಗೂ ಈ ವಾದವೇ ಸರಿ ಎನ್ನಿಸುತ್ತದೆ.

ತಾಯಿ ಯಾಕೆ ಮಗಳನ್ನು ಕರೆದೊಯ್ಯುತ್ತಾಳೆ

ನಿಜವಾಗಿ ಅರ್ಥ ಮಾಡಿಕೊಳ್ಳಬೇಕಾದದ್ದು ಇದನ್ನು. ತಾನು ಅನುಭವಿಸಿದ ನೋವನ್ನೇ ತಾಯಿ ಮಗಳಿಗೆ ಯಾಕೆ ಕೊಡುತ್ತಾಳೆ? "ಕಲಿತಿಲ್ಲ, ಅದಕ್ಕೆ" ಎಂಬ ಉತ್ತರ ಸಾಲದು. ಬೋಹ್ರಾಗಳು ಚೆನ್ನಾಗಿ ಓದಿದ, ವ್ಯಾಪಾರದಲ್ಲಿ ಮುಂದಿರುವ ಸಮುದಾಯ. "ಪ್ರೀತಿಯಿಲ್ಲ, ಅದಕ್ಕೆ" ಎಂಬುದು ಪೂರ್ತಿ ಸುಳ್ಳು. ಮಗಳಿಗೆ ಒಳ್ಳೆಯದಾಗಲಿ ಎಂದೇ ಅವಳು ಕರೆದೊಯ್ಯುತ್ತಾಳೆ.

ಇದರಲ್ಲಿ ಮೂರು ವಿಷಯ ಹೆಣೆದುಕೊಂಡಿವೆ. ಒಂದು, ನಂಬಿಕೆ. ಇದು ನಿಜ ಎಂದು ಜನ ಅಂದುಕೊಂಡಿರುವುದು. ಧರ್ಮ ಹೇಳಿದೆ, ಸ್ವಚ್ಛತೆಗೆ ಒಳ್ಳೆಯದು, ಹೆಣ್ಣಿನ ಆಸೆ ಹದ್ದುಬಸ್ತಿನಲ್ಲಿ ಇರುತ್ತದೆ, ಇಂಥವು. ಎರಡು, ಮೌಲ್ಯ. ಜನ ದೊಡ್ಡದೆಂದು ಎಣಿಸುವುದು: ಮನೆತನದ ಮರ್ಯಾದೆ, ಹೆಣ್ಣಿನ ಶೀಲ, ಹಿರಿಯರ ಮಾತಿಗೆ ಬೆಲೆ, ಸಮುದಾಯದ ಜೊತೆ ಇರುವುದು. ಮೂರು, ಧೋರಣೆ. ಇದೆಲ್ಲ ಸೇರಿ ಆ ಕೆಲಸದ ಬಗ್ಗೆ ಒಬ್ಬರಲ್ಲಿ ಹುಟ್ಟುವ ಒಲವು ಅಥವಾ ವಿರೋಧ.

ಬೋಹ್ರಾ ಹೆಂಗಸರೂ ಸೇರಿ ಕಟ್ಟಿದ ಸಹಿಯೊ ಸಂಸ್ಥೆ 385 ಹೆಂಗಸರನ್ನು ಆನ್‌ಲೈನ್‌ನಲ್ಲಿ ಕೇಳಿ 2017ರಲ್ಲಿ ವರದಿ ಪ್ರಕಟಿಸಿತು. ತಾವಾಗಿ ಉತ್ತರಿಸಲು ಮುಂದೆ ಬಂದವರ ಸಮೀಕ್ಷೆ ಅದು, ಇಡೀ ಸಮುದಾಯದ ಲೆಕ್ಕ ಅಲ್ಲ. ಅದರಲ್ಲಿ 100ಕ್ಕೆ 80 ಜನ ತಮಗೆ ಖತ್ನಾ ಆಗಿದೆ ಎಂದರು. ಕಾರಣ ಕೇಳಿದಾಗ ಹೆಚ್ಚು ಜನ ಹೇಳಿದ್ದು ಧರ್ಮ. ಲೈಂಗಿಕ ಆಸೆ ಕಡಿಮೆ ಮಾಡಲು ಎಂಬುದು ಮತ್ತು ಸಂಪ್ರದಾಯ ಎಂಬುದು ಆಮೇಲೆ ಬಂದವು. ಆದರೆ ಉತ್ತರಿಸಿದವರಲ್ಲಿ 100ಕ್ಕೆ 81 ಜನ ಇದು ಮುಂದುವರಿಯಬಾರದು ಎಂದರು.

ಯುನಿಸೆಫ್ ಹೇಳುವುದೂ ಹೀಗೇ ಇದೆ. ಪದ್ಧತಿ ಇರುವ ಆಫ್ರಿಕಾ ಮತ್ತು ಮಧ್ಯಪ್ರಾಚ್ಯದ ದೇಶಗಳಲ್ಲಿ ಸುಮಾರು ಮೂರನೇ ಎರಡು ಭಾಗ ಜನ ಇದನ್ನು ವಿರೋಧಿಸುತ್ತಾರೆ. ಇಷ್ಟು ಜನಕ್ಕೆ ಬೇಡವಾದದ್ದು ಇನ್ನೂ ಯಾಕೆ ನಡೆಯುತ್ತಿದೆ?

ಯಾಕೆಂದರೆ ಪ್ರತಿ ಮನೆಯೂ ಪಕ್ಕದ ಮನೆಯನ್ನು ನೋಡುತ್ತದೆ. ನನಗೆ ಬೇಡ, ಆದರೆ ನಾಲ್ಕು ಜನ ಏನಂತಾರೆ? ಮಗಳಿಗೆ ಸಂಬಂಧ ಕೂಡಿಬರದಿದ್ದರೆ? ಆ ನಾಲ್ಕು ಜನರೂ ತಮ್ಮ ಮನೆಯಲ್ಲಿ ಕೂತು ಇದನ್ನೇ ಯೋಚಿಸುತ್ತಿರುತ್ತಾರೆ. ಯಾರೂ ಬಾಯಿಬಿಡುವುದಿಲ್ಲ. ಹಾಗಾಗಿ ಎಲ್ಲರಿಗೂ ಬೇಕು ಎಂದೇ ಎಲ್ಲರೂ ತಿಳಿಯುತ್ತಾರೆ. ಗುಟ್ಟಾಗಿ ನಡೆಯುವ ಪದ್ಧತಿಯಲ್ಲಿ ಇದು ಇನ್ನೂ ಗಟ್ಟಿ. ಪಕ್ಕದ ಮನೆಯಲ್ಲಿ ನಿಲ್ಲಿಸಿದ್ದಾರೆ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ನಮ್ಮ ಜಿಲ್ಲೆಯ ಮನೆಗಳಲ್ಲಿ ಕಂಡದ್ದು

ಇದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ಉತ್ತರ ಕನ್ನಡದ ಬ್ರಾಹ್ಮಣ ಮನೆಗಳಲ್ಲಿ ಗಂಡ ಸತ್ತ ಹೆಣ್ಣಿನ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಡುಗೆಮನೆಯ ಹಿಂದೆ ಕೂರಿಸುತ್ತಿದ್ದ ಕಾಲವಿತ್ತು. ಎಷ್ಟೋ ಜನ ಮೈನೆರೆಯುವ ಮುಂಚೆಯೇ ಮದುವೆಯಾಗಿ, ಬುದ್ಧಿ ಬಲಿಯುವ ಮೊದಲೇ ವಿಧವೆಯಾದವರು. ಇಲ್ಲೂ ಮೂರೂ ಇದ್ದವು. ಕೂದಲಿದ್ದರೆ ಗಂಡನ ಆತ್ಮಕ್ಕೆ ಸದ್ಗತಿಯಿಲ್ಲ ಎಂಬ ನಂಬಿಕೆ. ಮಡಿ, ಮನೆತನದ ಮರ್ಯಾದೆ ಎಂಬ ಮೌಲ್ಯ. "ಅವಳ ಹಣೆಬರಹ, ಏನು ಮಾಡೋದು" ಎಂಬ ಧೋರಣೆ.

ಇವೆಲ್ಲದರ ಮೇಲೆ ಊರಿನ ಒತ್ತಡ. ಸಕೇಶಿ (ತಲೆ ಬೋಳಿಸದ ವಿಧವೆ) ಮಾಡಿದ ಅಡುಗೆ ಶ್ರಾದ್ಧಕ್ಕೆ ಆಗದು. ಪುರೋಹಿತರು ಬರುವುದಿಲ್ಲ. ಮನೆಯ ಉಳಿದ ಹೆಣ್ಣುಮಕ್ಕಳಿಗೆ ಸಂಬಂಧ ಸಿಗುವುದಿಲ್ಲ. ಅಪ್ಪನಿಗೆ ಮಗಳ ತಲೆ ಬೋಳಿಸುವುದು ಇಷ್ಟವಿತ್ತೆಂದಲ್ಲ. ಅವನು ಒಬ್ಬನೇ ನಿಂತರೆ ಇಡೀ ಮನೆ ಬೆಲೆ ತೆರಬೇಕಿತ್ತು.

ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತು. ವಿಧವೆಯರ ಮದುವೆಗೆ 1856ರಲ್ಲೇ ಕಾನೂನಿನ ಒಪ್ಪಿಗೆ ಸಿಕ್ಕಿತ್ತು. ಆದರೂ ಅದೇ ಪ್ರಾಂತ್ಯದ ಧೋಂಡೋ ಕೇಶವ ಕರ್ವೆ 1893ರಲ್ಲಿ ವಿಧವೆಯೊಬ್ಬರನ್ನು ಮದುವೆಯಾದಾಗ, ಕೊಂಕಣದ ಅವರ ಸ್ವಂತ ಊರು ಮುರುಡ್ ಬಹಿಷ್ಕಾರ ಹಾಕಿತು. ಕಾನೂನು ಬಂದು 37 ವರ್ಷವಾಗಿತ್ತು. ಊರು ಬದಲಾಗಿರಲಿಲ್ಲ.

ಆ ಕಾಲದ್ದೇ ಇನ್ನೊಂದು ಘಟನೆ ಇದೆ. 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ನಾವು ಬೋಳಿಸುವುದಿಲ್ಲ ಎಂದು ತೀರ್ಮಾನಿಸಿದರು. ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ ಅವರ ಬೆನ್ನಿಗಿದ್ದರು. ಕತ್ತಿ ಹಿಡಿಯುವ ಕೈಯೇ ಹಿಂದೆ ಸರಿದರೆ ಪದ್ಧತಿ ತಡವರಿಸುತ್ತದೆ. ಇವತ್ತು ಖತ್ನಾಕ್ಕೆ ವೈದ್ಯರನ್ನು ಹುಡುಕುವವರು ಇರುವಾಗ ಇದು ನೆನಪಿರಬೇಕು. "ಡಾಕ್ಟರ್ ಮಾಡಿದರೆ ಅಪಾಯವಿಲ್ಲ" ಎಂಬ ಸಮಾಧಾನ ಪದ್ಧತಿಗೆ ಹೊಸ ಜೀವ ಕೊಡುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ವೈದ್ಯರು, ನರ್ಸ್‌ಗಳು ಇದನ್ನು ಮಾಡಲೇಬಾರದು ಎನ್ನುತ್ತದೆ.

ಈಗಿನ ಉದಾಹರಣೆಯೂ ಇದೆ. ಶಿರಸಿ, ಸಿದ್ದಾಪುರದ ಕಡೆ ಮುಟ್ಟಾದಾಗ ಹೊರಗೆ ಕೂರುವ ಪದ್ಧತಿ ಹಲವು ಮನೆಗಳಲ್ಲಿ ಇನ್ನೂ ಇದೆ. ಡಿಗ್ರಿ ಮುಗಿಸಿದ ಸೊಸೆಗೆ ಅದರಲ್ಲಿ ನಂಬಿಕೆಯಿಲ್ಲ. ಎಷ್ಟೋ ಸಲ ಅತ್ತೆಗೂ ಇಲ್ಲ. "ಅಜ್ಜಿ ಇರೋವರೆಗೆ ನಡೀಲಿ" ಎನ್ನುತ್ತಾರೆ. ಬೆಂಗಳೂರಿನ ಮನೆಯಲ್ಲಿ ಪಾಲಿಸುವುದಿಲ್ಲ, ಊರಿಗೆ ಬಂದ ಕೂಡಲೇ ಪಾಲಿಸುತ್ತಾರೆ. ನಂಬಿಕೆ ಎಂದೋ ಹೋಗಿದೆ. ಪದ್ಧತಿ ಉಳಿದಿದೆ. ಖತ್ನಾದಷ್ಟು ಹಾನಿ ಇದರಲ್ಲಿ ಇಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಎರಡನ್ನೂ ಹಿಡಿದು ನಿಲ್ಲಿಸಿರುವುದು ಒಂದೇ ಶಕ್ತಿ.

ಕಾನೂನು ಮಾಡಿದರೆ ಸಾಕೇ?

ಕಾನೂನು ಬೇಕೇ ಬೇಕು. ಆದರೆ ಅದು ಹೇಗೆ ಬರುತ್ತದೆ ಎಂಬುದರ ಮೇಲೆ ಫಲ ನಿಂತಿದೆ.

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು 100ಕ್ಕೆ 73 ಜನ ಇದಕ್ಕೆ ಒಳಗಾದವರು. ಅಲ್ಲಿ ಸರ್ವಾಧಿಕಾರಿ ಯಾಹ್ಯಾ ಜಾಮೆ 2015ರಲ್ಲಿ ನಿಷೇಧ ತಂದ. 2023ರಲ್ಲಿ ಮೊದಲ ಸಲ ಮೂವರು ಹೆಂಗಸರಿಗೆ ಶಿಕ್ಷೆಯಾಯಿತು. ಅದೇ ಕಿಡಿಯಾಯಿತು. ಧರ್ಮಗುರುಗಳು ಸಿಡಿದೆದ್ದರು. ನಿಷೇಧವನ್ನೇ ತೆಗೆಯುವ ಮಸೂದೆ ಸಂಸತ್ತಿಗೆ ಬಂತು. ದೇಶದ ಹೆಂಗಸರು ಹೋರಾಡಿದರು, 2024ರ ಜುಲೈನಲ್ಲಿ ಸಂಸತ್ತು ಅದನ್ನು ತಿರಸ್ಕರಿಸಿತು. ಊರೂರಲ್ಲಿ ಮಾತುಕತೆ ನಡೆಯದೆ ಮೇಲಿನಿಂದ ಇಳಿದ ಕಾನೂನು ಎಷ್ಟು ಸಡಿಲವಾಗಿ ಕೂತಿರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ನಮ್ಮ ರಾಜ್ಯದ ಅನುಭವವೂ ಬೇರೆಯಲ್ಲ. ಹೆಣ್ಣಿನ ಮದುವೆಗೆ 18 ವರ್ಷ ಎಂಬ ಕಾನೂನು 1978ರಿಂದ ಇದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 100ಕ್ಕೆ 21 ಜನ 18ರ ಒಳಗೇ ಮದುವೆಯಾಗಿದ್ದರು.

ಹಾಗಂತ ಕಾನೂನು ವ್ಯರ್ಥ ಅಲ್ಲ. ಮೇಲೆ ಹೇಳಿದ ಆಸ್ಟ್ರೇಲಿಯಾದ ಪ್ರಕರಣದಲ್ಲೇ, 2015ರಲ್ಲಿ ಸಿಡ್ನಿಯ ಕೆಳಗಿನ ಕೋರ್ಟ್‌ನಲ್ಲಿ ಮೂವರು ತಪ್ಪಿತಸ್ಥರೆಂದು ತೀರ್ಪಾಯಿತು. ಮುಂದಿನ ವರ್ಷ ಅಲ್ಲಿನ ಜಮಾತ್ ತನ್ನ ಸದಸ್ಯರಿಗೆ ಪತ್ರ ಬರೆದು, ಖತ್ನಾ ಮಾಡಿಸಬೇಡಿ, ಬೇರೆ ದೇಶಕ್ಕೆ ಕರೆದೊಯ್ದೂ ಮಾಡಿಸಬೇಡಿ ಎಂದಿತು. ಲಂಡನ್ ಮತ್ತು ಅಮೆರಿಕದ ಜಮಾತ್‌ಗಳಿಂದಲೂ ಇಂಥ ಪತ್ರಗಳು ಬಂದವು. ಅದೇ 2016ರ ಜೂನ್‌ನಲ್ಲಿ ಧರ್ಮಗುರು ಸೈಯದ್ನಾ, ಇದು ಧಾರ್ಮಿಕ ವಿಧಿಯೇ, ಆದರೆ ನೆಲದ ಕಾನೂನನ್ನು ಪಾಲಿಸಬೇಕು ಎಂದು ಹೇಳಿಕೆ ಕೊಟ್ಟರು. ಗಮನಿಸಿ, ಅದೇ ಸಮುದಾಯ, ಅದೇ ನಂಬಿಕೆ. ಕಾನೂನು ಸ್ಪಷ್ಟವಿರುವ ದೇಶದಲ್ಲಿ ಒಂದು ಮಾತು, ಸ್ಪಷ್ಟವಿಲ್ಲದ ಭಾರತದಲ್ಲಿ ಇನ್ನೊಂದು ನಡೆ. ನೆಲದ ಕಾನೂನಿಗೆ ಬೆಲೆ ಕೊಡುವುದೂ ಅವರ ಒಂದು ಮೌಲ್ಯವೇ. ಭಾರತದ ಕಾನೂನು ಬಾಯಿಬಿಟ್ಟರೆ ಆ ಮೌಲ್ಯ ಇಲ್ಲೂ ಹೆಣ್ಣುಮಕ್ಕಳ ಪರ ನಿಲ್ಲಬಹುದು.

ಸೆನೆಗಲ್‌ನ ಹಳ್ಳಿಗಳಲ್ಲಿ

ಒಟ್ಟಾಗಿ ಬಿಡುವುದು ಹೇಗೆ ಎಂಬುದಕ್ಕೆ ಹೆಚ್ಚು ಹೇಳಬೇಕಾದ ಕಥೆ ಪಶ್ಚಿಮ ಆಫ್ರಿಕಾದ ಸೆನೆಗಲ್‌ದು. ಟೊಸ್ತಾನ್ ಎಂಬ ಸಂಸ್ಥೆ ಅಲ್ಲಿನ ಹಳ್ಳಿಗಳಲ್ಲಿ ಅಕ್ಷರ, ಆರೋಗ್ಯ, ಹಕ್ಕುಗಳ ಪಾಠ ನಡೆಸುತ್ತಿತ್ತು. ಕತ್ತರಿಸುವುದನ್ನು ಬಿಡಿ ಎಂದು ಅವರು ಶುರುಮಾಡಿದ್ದಲ್ಲ. ಹೆಂಗಸರೇ ಕೂತು ಮಾತಾಡಿದರು, ತಮ್ಮ ನೋವುಗಳನ್ನು ಮೊದಲ ಸಲ ಒಬ್ಬರಿಗೊಬ್ಬರು ಹೇಳಿಕೊಂಡರು. 1997ರ ಜುಲೈನಲ್ಲಿ ಮಾಲಿಕುಂಡಾ ಬಂಬಾರಾ ಎಂಬ ಹಳ್ಳಿ, ಇನ್ನು ನಾವು ಇದನ್ನು ಮಾಡುವುದಿಲ್ಲ ಎಂದು ಬಹಿರಂಗವಾಗಿ ಘೋಷಿಸಿತು.

ಸುತ್ತಲಿನ ಊರುಗಳು ಮೆಚ್ಚಲಿಲ್ಲ, ಬೈದವು. ಆಗ ಕೇರ್ ಸಿಂಬಾರಾ ಎಂಬ ಹಳ್ಳಿಯ ಇಮಾಮ್ ಡೆಂಬಾ ಡಿಯಾವಾರಾ ಒಂದು ಮುಖ್ಯ ಮಾತು ಎತ್ತಿದರು. ನಮ್ಮ ಹೆಣ್ಣುಮಕ್ಕಳು ಮದುವೆಯಾಗಿ ಹೋಗುವುದು ಬೇರೆ ಊರುಗಳಿಗೆ. ಒಂದು ಊರು ಒಂಟಿಯಾಗಿ ಬಿಟ್ಟರೆ ಅಲ್ಲಿನ ಹುಡುಗಿಯರ ಗತಿಯೇನು? ಹೆಣ್ಣು ಕೊಡುವ, ತರುವ ಊರುಗಳೆಲ್ಲ ಸೇರಿ ತೀರ್ಮಾನಿಸಬೇಕು. ಆ ಹಿರಿಯರು ಊರಿಂದ ಊರಿಗೆ ನಡೆದು ನೆಂಟರ ಜೊತೆ ಮಾತಾಡಿದರು. 1998ರಲ್ಲಿ 13 ಹಳ್ಳಿಗಳು ಡಿಯಾಬುಗು ಎಂಬಲ್ಲಿ ಸೇರಿ ಒಟ್ಟಿಗೆ ಘೋಷಣೆ ಮಾಡಿದವು. 1999ರಲ್ಲಿ ಕಾನೂನು ಬಂತು. ಮುಂದೆ ಸಾವಿರಾರು ಹಳ್ಳಿಗಳು ಇದೇ ದಾರಿ ಹಿಡಿದವು.

ಇದರಿಂದ ಇಡೀ ದೇಶ ಬದಲಾಯಿತು ಎಂದುಕೊಳ್ಳುವಂತಿಲ್ಲ. ಇವತ್ತಿಗೂ ಸೆನೆಗಲ್‌ನ ಹೆಂಗಸರಲ್ಲಿ ಸುಮಾರು ನಾಲ್ಕೈದು ಜನರಲ್ಲಿ ಒಬ್ಬರು ಇದಕ್ಕೆ ಒಳಗಾದವರು. ಬದಲಾವಣೆ ನಿಧಾನ. ಕೀನ್ಯಾದಲ್ಲಿ ಕಾನೂನು, ಶಾಲೆ, ಊರಿನ ಮಾತುಕತೆ ಎಲ್ಲ ಸೇರಿ 1998ರಲ್ಲಿ 100ಕ್ಕೆ 38 ಇದ್ದದ್ದು 2022ಕ್ಕೆ 15ಕ್ಕೆ ಇಳಿಯಿತು. ಅದಕ್ಕೂ ಒಂದು ತಲೆಮಾರು ಬೇಕಾಯಿತು.

ತೀರ್ಪು ಹೇಗೆ ಬಂದರೆ ಏನಾಗಬಹುದು

ಖತ್ನಾ ಅತ್ಯಗತ್ಯ ಧರ್ಮಾಚರಣೆ ಅಲ್ಲ, ಇದು ಅಪರಾಧ ಎಂದು ಕೋರ್ಟ್ ಹೇಳಿದರೆ ಬಿಡಬೇಕು ಎಂದಿರುವ ತಾಯಂದಿರಿಗೆ ದೊಡ್ಡ ಆಸರೆ. "ನಮಗೆ ಬೇಡ" ಎನ್ನುವ ಬದಲು "ಕಾನೂನು ಬಿಡುವುದಿಲ್ಲ" ಎನ್ನಬಹುದು. ಮನೆಯ ಹಿರಿಯರ ಎದುರು ಈ ಮಾತು ಸುಲಭ. ಆದರೆ ಕದ್ದು ಮಾಡಿಸುವ ಅಪಾಯವೂ ಇದೆ. ಮಗು ತಾಯಿಯ ಮೇಲೆ ದೂರು ಕೊಡುವುದಿಲ್ಲ. ತಾಯಿಯನ್ನು ಜೈಲಿಗೆ ಹಾಕಿದರೆ ಮಗುವಿಗೆ ಇನ್ನೊಂದು ಏಟು. ಶಿಕ್ಷೆಯ ಭಾರ ಕತ್ತರಿಸುವವರ ಮೇಲೆ, ಮಾಡಿಸಿ ಎಂದು ಒತ್ತುವವರ ಮೇಲೆ ಬೀಳುವಂತೆ ಕಾನೂನು ಬರೆಯುವುದು ಹೆಚ್ಚು ನ್ಯಾಯ.

ಧರ್ಮದ ಒಳಗಿನ ವಿಷಯ ಎಂದು ಕೋರ್ಟ್ ಹಿಂದೆ ಸರಿದರೆ ಒಳಗಿಂದ ಮಾತಾಡುತ್ತಿರುವ ಹೆಂಗಸರ ಸ್ಥಿತಿ ಕಷ್ಟವಾಗುತ್ತದೆ. ಯಾಕೆಂದರೆ ಅವರ ಎದುರಿಗೆ ಬಹಿಷ್ಕಾರದ ಭಯ ಇದೆ. ಮುಂಬಯಿ ರಾಜ್ಯ 1949ರಲ್ಲಿ ಬಹಿಷ್ಕಾರ ತಡೆ ಕಾನೂನು ಮಾಡಿತ್ತು. ಆಗ ಆ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆಗೂ ಅದು ಅನ್ವಯಿಸಿತ್ತು. ಬೋಹ್ರಾ ಧರ್ಮಗುರುಗಳ ಅರ್ಜಿಯ ಮೇಲೆ 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಆ ತೀರ್ಪು ಸರಿಯೇ ಎಂಬ ಪ್ರಶ್ನೆ 2023ರಲ್ಲಿ ದೊಡ್ಡ ಪೀಠಕ್ಕೆ ಹೋಗಿದೆ. ಪತ್ರಿಕೆಗಳು ಇದನ್ನು ಬೇರೆಯೇ ಸುದ್ದಿಯೆಂಬಂತೆ ಬರೆಯುತ್ತವೆ. ನನಗನ್ನಿಸುವಂತೆ ಖತ್ನಾದ ಬೀಗದಕೈ ಇರುವುದೇ ಅಲ್ಲಿ. ಮನೆಯವರಿಗೆ ಕಬರಸ್ಥಾನದಲ್ಲಿ ಜಾಗ ಸಿಗದು, ಮಗಳ ಮದುವೆಗೆ ಯಾರೂ ಬರರು ಎಂಬ ಭಯ ಇರುವವರೆಗೆ ಯಾವ ತಾಯಿ ಗಟ್ಟಿಯಾಗಿ ಬೇಡ ಎನ್ನುತ್ತಾಳೆ?

ತೀರ್ಪಿಗೆ ಕಾಯದೆ ಸರ್ಕಾರ ಮಾಡಬಹುದಾದ ಒಂದು ಕೆಲಸ ಇದೆ. ಅಂಕಿಅಂಶ ಇಲ್ಲ ಎಂದು ಕೋರ್ಟ್‌ಗೆ ಹೇಳಿ ವರ್ಷಗಳೇ ಕಳೆದಿವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೆಂಗಸರನ್ನು ಹೆರಿಗೆ, ಗರ್ಭನಿರೋಧಕ, ಗಂಡನ ಹೊಡೆತ ಎಲ್ಲವನ್ನೂ ಕೇಳುತ್ತದೆ. ಇದನ್ನೊಂದು ಕೇಳುವುದಿಲ್ಲ. ಕೇಳಬೇಕು. ತರಬೇತಿ ಪಡೆದ ಹೆಂಗಸರೇ ಹೋಗಿ, ಮನೆಯವರು ಎದುರಿಗಿಲ್ಲದಾಗ, ಹೆಸರು ಎಲ್ಲೂ ಹೊರಗೆ ಬಾರದಂತೆ ಕೇಳಬೇಕು.